ನೀರು ಬಿಡುವವನ ಹೆಸರಿನ ಪ್ರಶಸ್ತಿ

ಊರಿಗೆ ನೀರು ಬಿಡುತ್ತಿದ್ದವನು ಎತ್ತರದ ಟ್ಯಾಂಕಿನ ಏಣಿಯಿಂದ ಬಿದ್ದು ಸತ್ತ ವರ್ಷವೇ ಪುರಸಭೆ ಅವನ ಹೆಸರಿನಲ್ಲಿ ಸಮಾಜಸೇವಾ ಪ್ರಶಸ್ತಿ ಶುರುಮಾಡಿತು. ಮೇಲಿನ ವಾಲ್ವು ಕೆಟ್ಟು ಆಸ್ಪತ್ರೆಗೆ ನೀರು ನಿಂತಾಗ ಮೈಯಲ್ಲಿ ಜ್ವರವಿದ್ದರೂ ಅವನು ಹತ್ತಿದ್ದ. ಏಣಿಗೆ ಹಿಡಿದುಕೊಳ್ಳಲು ಕಂಬಿಯಿರಲಿಲ್ಲ.

ಪ್ರತಿವರ್ಷ ಪ್ರಶಸ್ತಿ ಕೊಡುತ್ತಿದ್ದವಳು ಅವನ ಹೆಂಡತಿ, ಮಾರುಕಟ್ಟೆ ಹಿಂದಿನ ಓಣಿಯ ಟೈಲರಮ್ಮ. ಮೊದಮೊದಲು ಅದು ಹೆರಿಗೆ ನರ್ಸಿಗೆ, ದಿಕ್ಕಿಲ್ಲದ ಹೆಣಗಳನ್ನು ಸಾಗಿಸುತ್ತಿದ್ದ ಗಾಡಿಯವನಿಗೆ ಬಂತು. ಅಂಥವರ ಕೈ ಹಿಡಿದಾಗ ಗಂಡನ ಕಡೆಯ ನೆಂಟರು ಸಿಕ್ಕಂತಾಗುತ್ತಿತ್ತು ಅವಳಿಗೆ. ಬರಬರುತ್ತ ಅಧ್ಯಕ್ಷರ ಭಾವಮೈದುನನಿಗೂ ಬಂತು. ಅವನ ಸೇವೆ ಏನೆಂದು ಹೇಳಲು ಭಾಷಣಕಾರರೇ ತಡವರಿಸಿದರು, ಸಭೆ ಗೊಳ್ಳೆಂದಿತು.

ವೇದಿಕೆಯಿಂದ ಇಳಿಯುವಾಗಲೆಲ್ಲ ಅವಳದು ಒಂದೇ ಮಾತು. "ಆ ಏಣಿಗೊಂದು ಕಂಬಿ ಹಾಕ್ಸಿ ಸಾರ್."

"ಈ ಸಲ ಖಂಡಿತ ಹಾಕ್ಸೋಣಮ್ಮ."

ಅಧ್ಯಕ್ಷರು ಬದಲಾದರು, ಉತ್ತರ ಬದಲಾಗಲಿಲ್ಲ.

ಗಂಡನ ಕೆಲಸಕ್ಕೆ ಕೊನೆಗೆ ಬಂದವನು ಹೊಸದಾಗಿ ಮದುವೆಯಾದವನು, ನಗೆಮೊಗದವನು. ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ, "ನಾನು ಬೆಕ್ಕಿನ ಜಾತಿ ಅಕ್ಕ, ಬಿದ್ರೂ ಕಾಲ್ಮೇಲೇ ನಿಲ್ತೀನಿ" ಎನ್ನುತ್ತಿದ್ದ. ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಅವನೂ ಅದೇ ಏಣಿಯಿಂದ ಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು.

ಆ ವರ್ಷದ ಪ್ರಶಸ್ತಿ ಅವನಿಗೇ ಎಂದು ತೀರ್ಮಾನವಾಯಿತು. ಅಧ್ಯಕ್ಷರು ಅಂಗಡಿಗೇ ಬಂದರು.

"ನಿಮ್ಮ ಕೈಯಿಂದ ಅವನ ಹೆಂಡ್ತಿಗೆ ಕೊಟ್ರೆ, ಪಾಪ, ಆ ಹುಡುಗಿಗೂ ಒಂದು ಸಮಾಧಾನ."

ಟೈಲರಮ್ಮ ಮಿಷನ್ ನಿಲ್ಲಿಸಿದಳು. "ನನಗ್ಯಾವತ್ತೂ ಅದರಿಂದ ಸಮಾಧಾನ ಆಗ್ಲಿಲ್ಲ ಸಾರ್. ನಾನು ಬರಲ್ಲ."

"ಜನ ಏನಂದ್ಕೋತಾರೆ?"

"ಅಂದ್ಕೊಳ್ಲಿ ಬಿಡಿ. ನಮ್ಮೆಜಮಾನರ ಹೆಸರನ್ನೂ ತೆಗೆದ್ಬಿಡಿ."

ಅತ್ತ ಸಭಾಂಗಣದಲ್ಲಿ ಭಾಷಣ ನಡೆಯುವಾಗ ಅವಳು ಆ ಹುಡುಗಿಯ ಮನೆಯಲ್ಲಿದ್ದಳು. ಹುಡುಗಿ ತುಂಬು ಬಸುರಿ. ಗೋಡೆಗೊರಗಿ, ಬಾಗಿಲನ್ನೇ ನೋಡುತ್ತ ಕೂತಿದ್ದಳು.

"ಹತ್ತಬೇಡಿ, ಮಳೆ ನಿಲ್ಲಲಿ ಅಂತ ಹೇಳಿದ್ದೆ ಅಕ್ಕ."

"ಗೊತ್ತಮ್ಮ. ನಾನೂ ನಮ್ಮೆಜಮಾನರಿಗೆ ಹಾಗೇ ಹೇಳಿದ್ದೆ, ಜ್ವರ ಬಿಡ್ಲಿ ಅಂತ."

ಅಷ್ಟು ಹೇಳಿದ್ದೇ, ಅಷ್ಟು ವರ್ಷ ವೇದಿಕೆಯ ಮೇಲೆ ಅಳದಿದ್ದವಳು ಹುಡುಗಿಯ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು. ಸಮಾಧಾನ ಮಾಡಲು ಬಂದವಳನ್ನು ಹುಡುಗಿಯೇ ಸಂತೈಸಬೇಕಾಯಿತು.

ಆಮೇಲೆ ಕಂಬಿ ಬಂತು. ಪ್ರಶಸ್ತಿಯೂ ಹೆಸರಿಲ್ಲದೆ ನಡೆದುಕೊಂಡು ಹೋಗುತ್ತಿದೆ. ಯಾಕೆ ಶುರುವಾಯಿತೆಂದು ಈಗ ಯಾರೂ ಕೇಳುವುದಿಲ್ಲ. ಹುಡುಗಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಅಂಗಡಿಯ ಎರಡನೇ ಮಿಷನ್ನಿನ ಮುಂದೆ ಕೂರುತ್ತಾಳೆ. ಹೊರಗೆ ನಲ್ಲಿ ಸುಯ್ಯೆಂದು ಉಸಿರುಬಿಟ್ಟು ನೀರು ಬಂದಾಗ ಎರಡೂ ಮಿಷನ್ನು ಒಂದು ಗಳಿಗೆ ನಿಲ್ಲುತ್ತವೆ. ಆಮೇಲೆ ಇಬ್ಬರಲ್ಲೊಬ್ಬರು ಎದ್ದು ಹೋಗಿ ಕೊಡ ಇಟ್ಟು ಬರುತ್ತಾರೆ.