ವಿಲ್ಮಾಳ ಶಾಶ್ವತ ವಿಳಾಸ

ಟೊಲೀಡೊದ ಫೆಡರಲ್ ಕೋರ್ಟಿನ ಸಾಕ್ಷಿ ಕಟಕಟೆಯಲ್ಲಿ ವಿಲ್ಮಾ ಕೂತಿದ್ದಳು. ಎಪ್ಪತ್ತೆರಡು ವರ್ಷಗಳಲ್ಲಿ ಕಾರು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೂ ದಂಡ ತೆತ್ತವಳಲ್ಲ. ಈಗ ಎದುರು ಪಕ್ಷದ ವಕೀಲ ಹಿಡಿದಿದ್ದ ಕಾಗದದ ಮೇಲೆ ಅವಳ ಸಹಿಯಿತ್ತು.

ವಿಲ್ಮಾಳ ತಮ್ಮ ಸಾಯುವ ಮುಂಚೆ, ಗಾಲಿಕುರ್ಚಿಯಲ್ಲಿ ಓಡಾಡುವ ಮಗಳು ಕೊರಿನ್‌ಗಾಗಿ ಒಹಾಯೊ ರಾಜ್ಯದ ಮೌಮಿ ಊರಿನ ಮನೆಯನ್ನು ಟ್ರಸ್ಟ್‌ಗೆ ಬರೆದು ಅಕ್ಕನನ್ನೇ ಟ್ರಸ್ಟಿ ಮಾಡಿದ್ದ. ಫ್ಲಾರಿಡಾದ ಲೈಲ್ ಬ್ರಾಂಟ್ ಎಂಬಾತ ಯಾವುದೋ ಹಳೆಯ ಪತ್ರ ತೋರಿಸಿ ಮನೆ ತನ್ನದೆಂದ. ವಿಲ್ಮಾ ಕೋರ್ಟಿಗೆ ಹೋಗಿ ಗೆದ್ದಳು. ಅಲ್ಲಿಗೆ ಮುಗಿಯಿತೆಂದು ನಂಬಿದ್ದಳು, ಪಾಪ.

ಮುಗಿದಿರಲಿಲ್ಲ. ಸೋತ ಬ್ರಾಂಟ್, ಆ ಕೋರ್ಟಿಗೆ ಅಧಿಕಾರವೇ ಇರಲಿಲ್ಲವೆಂದು ಮತ್ತೆ ಅರ್ಜಿ ಹಾಕಿದ. ಎರಡು ಬೇರೆ ಬೇರೆ ರಾಜ್ಯದವರ ಜಗಳವೆಂದೇ ಫೆಡರಲ್ ಕೋರ್ಟು ಅದನ್ನು ಕೈಗೆತ್ತಿಕೊಂಡಿತ್ತು. ಟ್ರಸ್ಟಿನ ವಿಷಯದಲ್ಲಿ ನೋಡುವುದು ಮನೆಯಲ್ಲಿರುವ ಹುಡುಗಿ ಎಲ್ಲಿಯವಳೆಂದಲ್ಲ, ಟ್ರಸ್ಟಿ ಎಲ್ಲಿಯವಳೆಂದು. ದಾವೆ ಹೂಡಿದ ದಿನ ವಿಲ್ಮಾ ಕೂಡ ಫ್ಲಾರಿಡಾದವಳಾಗಿದ್ದರೆ ಕೋರ್ಟಿಗೆ ಅಧಿಕಾರವೇ ಇರಲಿಲ್ಲ. ತೀರ್ಪು ನೀರುಪಾಲು. ಬ್ರಾಂಟ್ ಮನೆ ಮಾರದಂತೆ ತಡೆದಿದ್ದ ಕೋರ್ಟಿನ ಆಜ್ಞೆಯೂ ಅದರ ಜೊತೆಗೇ ಹೋಗುತ್ತಿತ್ತು. ಬ್ರಾಂಟ್ ಆಗಲೇ ಗಿರಾಕಿಯನ್ನು ಗೊತ್ತುಮಾಡಿಟ್ಟಿದ್ದ.

ಒಹಾಯೊದ ಮುದುಕರೆಲ್ಲ ಮಾಡುವುದನ್ನೇ ವಿಲ್ಮಾ ಮಾಡಿದ್ದಳು. ಚಳಿಗಾಲಕ್ಕೆ ಫ್ಲಾರಿಡಾದಲ್ಲೊಂದು ಪುಟ್ಟ ಮನೆ. ಅಲ್ಲೇ ಶಾಶ್ವತವಾಗಿ ನೆಲೆಸಿದವರಿಗೆ ಮನೆ ತೆರಿಗೆಯಲ್ಲಿ ವಿನಾಯಿತಿ ಉಂಟು. ಪಕ್ಕದ ಮನೆಯವಳು ಫಾರಂ ತಂದುಕೊಟ್ಟು, ಇಲ್ಲಿ ಎಲ್ಲರೂ ಹೀಗೇ ಬರೆಯುವುದು ಎಂದಳು. ದಾವೆಗೆ ಮುಂಚಿನ ಆ ಚಳಿಗಾಲದಲ್ಲಿ, ಫ್ಲಾರಿಡಾವೇ ತನ್ನ ಶಾಶ್ವತ ವಾಸವೆಂದು ಇವಳೂ ಪ್ರಮಾಣ ಮಾಡಿ ಬರೆದಳು. ಬುದ್ಧಿಗೆ ಮಂಕು ಕವಿಯಲು ಒಂದು ಫಾರಂ ಸಾಕು.

ಟ್ರಸ್ಟಿನ ಪರ ವಕೀಲ ಪಾವ್ಲಕ್ ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಮೇಲೆ ಸಣ್ಣ ದನಿಯಲ್ಲಿ ಹೇಳಿದ್ದ: "ಆ ಕಾಗದ ನಿಜ ಅಂದ್ರೆ ಕೊರಿನ್ ಮನೆ ಹೋಗತ್ತೆ. ಸುಳ್ಳು ಅಂದ್ರೆ ನೀವು ಸಿಕ್ಕಿಹಾಕ್ಕೋತೀರ. ಏನು ಹೇಳ್ಬೇಕು ಅಂತ ನಾನು ಹೇಳೋ ಹಾಗಿಲ್ಲ. ಬೇಕಾದ್ರೆ ನಿಮಗೇ ಅಂತ ಬೇರೆ ವಕೀಲರನ್ನ ಇಟ್ಕೊಳ್ಳಿ ಅಂತ ಮೊದ್ಲೇ ಹೇಳಿದ್ದೆ."

ಹಿಂದಿನ ಸಾಲಿನಲ್ಲಿದ್ದ ಕೊರಿನ್‌ಗೆ ಇದಾವುದೂ ಗೊತ್ತಿರಲಿಲ್ಲ. ಅತ್ತೆಗೆ ಧೈರ್ಯ ತುಂಬಲು ಕೈಬೀಸಿದಳು. ವಿಲ್ಮಾಳಿಗೆ ಒಂದೇ ಯೋಚನೆ. ಈ ವಯಸ್ಸಿನಲ್ಲಿ ತನಗೆ ಜೈಲಾದರೆ ಅವಳನ್ನು ಹಾಸಿಗೆಯಿಂದ ಎಬ್ಬಿಸುವವರು ಯಾರು?

ಬ್ರಾಂಟ್‌ನ ವಕೀಲ ಕಾಗದವನ್ನು ಮುಂದಿಟ್ಟು, ಇದರಲ್ಲಿ ಬರೆದದ್ದು ನಿಜ ತಾನೇ ಎಂದು ನಯವಾಗಿ ಕೇಳಿದ. ಹೌದು ಎಂದರೆ ಸಾಕಿತ್ತು, ಅವಳ ಭಯವೆಲ್ಲ ಅಲ್ಲೇ ತೀರುತ್ತಿತ್ತು. ಹೌದು ಎಂಬ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಅಲ್ಲ," ಎಂದಳು. "ಅದು ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಬರೆದೆ. ನನ್ನ ಓಟು, ಡಾಕ್ಟ್ರು, ಚರ್ಚು ಎಲ್ಲ ಇಲ್ಲೇ. ಏಪ್ರಿಲ್ ಬಂದ್ರೆ ಮನೆಗೆ ಓಡಿ ಬರೋಳು ನಾನು. ಕೊರಿನ್ ಪಕ್ಕದ ಕೋಣೇನೇ ನನ್ನ ಮನೆ."

ನ್ಯಾಯಾಧೀಶೆ ಕನ್ನಡಕ ತೆಗೆದು, ಇನ್ನೊಂದು ಮಾತು ಆಡುವ ಮುಂಚೆ ವಕೀಲರನ್ನು ಕೇಳುವುದು ಒಳ್ಳೆಯದೆಂದು ಎಚ್ಚರಿಸಿದರು. ವಿಲ್ಮಾ ತಲೆಯಾಡಿಸಿದಳು. ಎದ್ದು ಇಳಿದಳು. ಪಾವ್ಲಕ್ ಕೈ ಆಸರೆ ಕೊಟ್ಟ.

ಹತ್ತು ದಿನಗಳಲ್ಲಿ ಆದೇಶ ಬಂತು. ದಾವೆ ಹೂಡಿದ ದಿನ ಟ್ರಸ್ಟಿ ಒಹಾಯೊದವಳು, ತೀರ್ಪು ಊರ್ಜಿತ. ಕೊರಿನ್ ಅತ್ತೆಯ ಸೊಂಟ ತಬ್ಬಿ ಅತ್ತಳು.

ಅದರ ಮರುವಾರ ಅಂಚೆಯವನು ಫ್ಲಾರಿಡಾ ಸರ್ಕಾರದ ತೆರಿಗೆ ಕಚೇರಿಯ ದಪ್ಪ ಲಕೋಟೆ ತಂದ. ಇದುವರೆಗೆ ಅವಳ ಫ್ಲಾರಿಡಾ ಮನೆಗೇ ಬರುತ್ತಿದ್ದ ಅಂಥ ಕಾಗದ ಮೌಮಿಯ ವಿಳಾಸಕ್ಕೆ ಬಂದದ್ದು ಇದೇ ಮೊದಲು. ಒಳಗಿನಿಂದ ಕೊರಿನ್, "ಯಾರಿಗೆ ಬಂದಿದ್ದು ಅತ್ತೆ?" ಎಂದು ಕೂಗಿದಳು.

"ನಂಗೇ ಕಣೇ," ಎಂದಳು ವಿಲ್ಮಾ. ಸಹಿ ಹಾಕಿ ತೆಗೆದುಕೊಂಡಳು.