ಕುರಿ ಪಟ್ಟಿಯ ತಲೆ ಮೇಲಿನ ಶ್ರೀ

ಎಂಬತ್ತೆಂಟನೇ ಇಸವಿ. ಶಿರಾದ ಕುರಿ ಸಾಕುವವರ ಸಂಘಕ್ಕೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ಆ ಮೂರು ತಿಂಗಳನ್ನೂ ಗುಮಾಸ್ತ ಯತ್ತಪ್ಪ ಅದರ ಜೊತೆ ಜಗಳವಾಡಿಯೇ ಕಳೆದಿದ್ದ. ಲಸಿಕೆ ಹಾಕಿಸಬೇಕಾದ ಕುರಿಗಳ ಪಟ್ಟಿ ಅದರ ಹೊಟ್ಟೆಯಲ್ಲಿತ್ತು. ಅದನ್ನು ತೆರೆಯಲು ಪಟ್ಟಿ ಇಟ್ಟ ಜಾಗ, ಬರೆಯುವ ಪ್ರೋಗ್ರಾಮಿನ ಹೆಸರು, ಪಟ್ಟಿಯ ಹೆಸರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಕುಟ್ಟಬೇಕು. ಒಂದಕ್ಷರ ಆಚೀಚೆಯಾದರೂ 'ಬ್ಯಾಡ್ ಕಮಾಂಡ್' ಎಂದು ಬೈಯುತ್ತಿತ್ತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅಧ್ಯಕ್ಷರಿಂದಲೂ ಬೈಸಿಕೊಳ್ಳದವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ಸಲ ಜಿಲ್ಲಾ ಕಚೇರಿಯ ನಾಗಲಿಂಗಯ್ಯ ಬಂದಾಗ ಪಟ್ಟಿ ತೆರೆಯಲು ಅರ್ಧ ಗಂಟೆ ಹಿಡಿದಿತ್ತು.

"ಸೋಮವಾರ ಬರ್ತೀನಿ ಯತ್ತಪ್ಪ. ಒಂದು ಲೋಟ ಟೀ ಕುಡಿಯೋದ್ರೊಳಗೆ ಪಟ್ಟಿ ಕಾಣಿಸ್ಬೇಕು. ಇಲ್ದಿದ್ರೆ ಈ ಪೆಟ್ಟಿಗೆ ಕೊರಟಗೆರೆ ಸಂಘಕ್ಕೆ ಹೋಗುತ್ತೆ" ಎಂದು ಹೇಳಿ ಹೋಗಿದ್ದರು.

ಕೊರಟಗೆರೆಗೆ! ಯತ್ತಪ್ಪನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಮಿಷನ್ನು ಕೂರಿಸಿದವರು ಚೀಟಿಯಲ್ಲಿ ಒಂದು ಉಪಾಯ ಬರೆದುಕೊಟ್ಟಿದ್ದರು. ಕುಟ್ಟಬೇಕಾದ ಸಾಲುಗಳನ್ನೆಲ್ಲ ಒಂದು ಬ್ಯಾಚ್ ಫೈಲಿನಲ್ಲಿ ಬರೆದು ಹೆಸರಿಟ್ಟರೆ ಸಾಕು. ಆ ಹೆಸರು ಕುಟ್ಟಿದೊಡನೆ ಮಿಷನ್ನೇ ಮೇಲಿಂದ ಕೆಳಕ್ಕೆ ಒಂದೊಂದಾಗಿ ಪಾಲಿಸುತ್ತದೆ. ಭಾನುವಾರ ಯತ್ತಪ್ಪ ಕೂತು ಬರೆದ. ಶ್ರೀಕಾರವಿಲ್ಲದೆ ಕಾಗದ ಮುಟ್ಟಬಾರದೆಂದು ಹಳ್ಳಿಯ ಮೇಷ್ಟ್ರು ಬೆತ್ತದಲ್ಲಿ ಕಲಿಸಿದ್ದು ಮರೆತಿರಲಿಲ್ಲ. ಮೊದಲ ಸಾಲಿಗೆ ಇಂಗ್ಲಿಷ್ ಅಕ್ಷರದಲ್ಲೇ 'ಶ್ರೀ' ಹಾಕಿದ. ಒಳ್ಳೆಯದಾಗಲೆಂದು ಫೈಲಿಗೂ 'ಶ್ರೀ' ಎಂದೇ ಹೆಸರಿಟ್ಟ. ಅಷ್ಟರಲ್ಲಿ ಕರೆಂಟು ಹೋಗಿ, ಕುಟ್ಟಿ ನೋಡುವುದು ಬಾಕಿಯಾಯಿತು.

ಸೋಮವಾರ ನಾಗಲಿಂಗಯ್ಯ ಬಂದು ಕೂತರು. ಯತ್ತಪ್ಪ ಎದೆಯುಬ್ಬಿಸಿ 'ಶ್ರೀ' ಕುಟ್ಟಿದ. ಪರದೆಯ ಮೇಲೆ ಶ್ರೀ ಬಂತು. ಅದರ ಕೆಳಗೆ ಇನ್ನೊಂದು ಶ್ರೀ. ಸಾಲು ಸಾಲು ಶ್ರೀ, ನಿಲ್ಲುವ ಮಾತೇ ಇಲ್ಲ.

"ಏನ್ರೀ, ರಾಮಕೋಟಿ ಬರೆಯೋಕೆ ಕೂರಿಸಿದ್ದೀರಾ?" ಎಂದರು ನಾಗಲಿಂಗಯ್ಯ.

ಯತ್ತಪ್ಪ ಮೇಜು ಗುದ್ದಿದ. ಕಚೇರಿ ಗುಡಿಸಿ ಟೀ ಕಾಯಿಸುವ ಚಿಕ್ಕಹನುಮಕ್ಕ ಬಾಗಿಲಲ್ಲಿ ಇಣುಕಿದಳು.

"ಮೇಜೇನು ಮಾಡ್ತಣ್ಣ? ಅದ್ಕೆ ಏನ್ ಬರ್ದೆ ಹೇಳು."

"ತಲೆ ಮೇಲೆ ಶ್ರೀ ಹಾಕಿವ್ನಿ ಕಣಮ್ಮ. ಹೆಸ್ರೂ ಶ್ರೀನೇ. ತಪ್ಪಾ?"

ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ಅಯ್ಯೋ, ನಮ್ಮನೆ ಕತೆ ಬುಡು! ನಮ್ ಮಾವನೂ ಹನುಮಂತ, ಮೊಮ್ಮಗನೂ ಹನುಮಂತ. ನಮ್ ಮಾವ 'ಲೇ ಹನುಮಂತಾ' ಅಂತ ಮೊಮ್ಮಗನ್ನ ಕೂಗ್ತಾನೆ. ಕಿವಿ ಮಂದ ನೋಡು, ಯಾರೋ ತನ್ನೇ ಕರೆದ್ರು ಅಂತ ತಾನೇ 'ಓ' ಅಂತಾನೆ. ದಿನಾ ಇದೇ."

ಯತ್ತಪ್ಪನ ತಲೆಯಲ್ಲಿ ದೀಪ ಹತ್ತಿತು. ಶ್ರೀ ಎಂದೊಡನೆ ಮಿಷನ್ನು ತನ್ನನ್ನೇ ಕರೆದರೆಂದು ಮತ್ತೆ ಮೊದಲಿಂದ ಶುರುಮಾಡುತ್ತಿದೆ! ಸ್ವಿಚ್ ಆರಿಸಿ ಮತ್ತೆ ಹಾಕಿದ.

"ಟೀ ಎಲ್ಲಿದೆಯಮ್ಮ?" ಎಂದರು ನಾಗಲಿಂಗಯ್ಯ.

"ಇನ್ನೂ ಕುದೀಬೇಕು ಸಾಮಿ" ಎಂದು ಅವಳು ಯತ್ತಪ್ಪನತ್ತ ಕಣ್ಣು ಹಾಯಿಸಿ ಒಳಗೆ ಹೋಗಿ, ಒಲೆಗೆ ಇನ್ನೆರಡು ಸೌದೆ ಒಟ್ಟಿದಳು. ಎಷ್ಟೋ ಹೊತ್ತಿನ ಮೇಲೆ ಕುದಿಕುದಿ ಟೀಯನ್ನು ಸ್ಟೀಲ್ ಲೋಟದ ಅಂಚಿನವರೆಗೆ ತುಂಬಿ ತಂದಿಟ್ಟಳು. ಅವರು ಲೋಟ ಮುಟ್ಟಿ ಕೈ ಹಿಂದೆಳೆದುಕೊಂಡು ಊದತೊಡಗಿದರು.

ಅಷ್ಟರಲ್ಲಿ ಯತ್ತಪ್ಪ ಫೈಲಿನ ಹೆಸರನ್ನು 'ಕುರಿ' ಎಂದು ಬದಲಿಸಿದ್ದ. ಒಳಗಿನ ಶ್ರೀ ಅಳಿಸಲು ಮಾತ್ರ ಕೈ ಬರಲಿಲ್ಲ. 'ಕುರಿ' ಎಂದು ಕುಟ್ಟಿದ. ಶ್ರೀ ಎಂಬ ಹೆಸರಿನದು ಈಗ ಯಾವುದೂ ಸಿಗದೆ ಮಿಷನ್ನು ಒಂದು ಸಲ 'ಬ್ಯಾಡ್ ಕಮಾಂಡ್' ಎಂದಿತು. ಮರುಕ್ಷಣ ಪಟ್ಟಿ ತೆರೆದುಕೊಂಡಿತು. ಮೊದಲ ಹೆಸರು ಕದರಪ್ಪ, ಕುರಿ ನಲವತ್ತೆರಡು.

ನಾಗಲಿಂಗಯ್ಯ ಇನ್ನೂ ಮೊದಲ ಗುಟುಕಿನಲ್ಲಿದ್ದರು. "ಸರಿ, ಪೆಟ್ಟಿಗೆ ಇಲ್ಲೇ ಇರಲಿ. ಆದ್ರೆ ಮೊದ್ಲು ಅದ್ಯಾಕ್ರೀ ಬೈತು?"

"ಬೈಲಿ ಬುಡಿ ಸಾ. ಒಂದು ಬೈಗುಳಕ್ಕೆ ಶ್ರೀ ಅಳಿಸೋ ಗಂಡಲ್ಲ ನಾನು!"

"ಹೌದೌದು" ಎಂದಳು ಚಿಕ್ಕಹನುಮಕ್ಕ, ಇನ್ನೂ ಹಬೆಯಾಡುತ್ತಿದ್ದ ಲೋಟ ನೋಡುತ್ತ. "ಗಂಡಸ್ತನಕ್ಕೆ ಸೌದೆ ಮಾತ್ರ ನಂದು."