ಬಸಿ ಮುಚ್ಚಿದ ಚಹಾ

ಲೋಕಲ್ ರೈಲಿನಲ್ಲಿ ಎದುರು ಕೂತ ಹುಡುಗಿಯ ಮೊಬೈಲಿನ ಅಂಚಿನಲ್ಲಿ ಒಂದು ಹಸಿರು ಚುಕ್ಕೆ ಹತ್ತಿ ಆರಿತು, ಮತ್ತೆ ಹತ್ತಿ ಆರಿತು, ಅಷ್ಟಕ್ಕೇ ಲೋಲಾಕ್ಷಿಯ ಎದೆ ಒಮ್ಮೆ ಹಾರಿ ಕೂತಿತು — ಇಲ್ಲ, ಅದು ಈ ಹುಡುಗಿಗೆ ಬಂದ ಯಾರದೋ ಮೆಸೇಜು, ತನ್ನ ದೀಪ ಇರುವುದು ಖಾರಘರದ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಚಪ್ಪಲಿ ಮೆಟ್ಟುವಾಗ ಕೊನೆಯ ಸಲ ನೋಡಿದಾಗಲೂ ಹತ್ತಿರಲಿಲ್ಲ, ಹತ್ತಿದರೆ ಫೋನ್ ಮಾಡು ವಾರಿಜಾ ಎಂದು ಸೊಸೆಗೆ ಹೇಳಿ ಬಂದದ್ದು, ಆಯ್ತು ಅತ್ತೆ, ನಾನು ಇಲ್ಲೇ ಬೀನ್ಸ್ ಹೆಚ್ತಾ ಕೂತಿರ್ತೇನೆ, ಕಣ್ಣು ಅದರ ಮೇಲೇ ಇರ್ತದೆ, ನೀವು ನಿಧಾನ ಹೋಗಿ ಮಾರ್ರೆ. ನೆರೂಳ್ ಸ್ಟೇಶನ್ ದಾಟಿತು, ಫೋನು ಸುಮ್ಮನಿದೆ. ಮಡಿಲ ಚೀಲದಲ್ಲಿ ಸ್ಟೀಲಿನ ಫ್ಲಾಸ್ಕು ತೊಡೆಗೆ ಒತ್ತುತ್ತಿದೆ, ಯಾವ ಮಾಯದಲ್ಲಿ ಅದನ್ನು ಹಾಕಿದಳೋ ವಾರಿಜಾ, ಚೀಲ ಭಾರ ಅನಿಸಿ ಲಿಫ್ಟಿನಲ್ಲಿ ತೆರೆದು ನೋಡಿದರೆ ಚಹಾ, ಪಕ್ಕದ ಡಬ್ಬಿಯಲ್ಲಿ ಇಡ್ಲಿ, ನೀವೂ ಕುಡಿದಿಲ್ಲ ಅಂತ ನನಗೆ ಗೊತ್ತುಂಟು ಎಂದು ಬಾಯಿ ಬಿಟ್ಟು ಹೇಳುವವಳಲ್ಲ ಅವಳು, ಹಾಗೆ ಹೇಳಿದ್ದರೆ ಲೋಲಾಕ್ಷಿ ಬೇಡ ಅನ್ನುತ್ತಿದ್ದಳು, ಅದೂ ಅವಳಿಗೆ ಗೊತ್ತು. ಕುಡಿಯುವುದು ಹೇಗೆ, ದೀಪ ಹತ್ತದೆ ಕುಡಿಯುವ ಕ್ರಮ ಇಲ್ಲವಲ್ಲ. ಠಾಕುರ್ಲಿಯಲ್ಲಿ ಹಳೇ ನೆರೆಮನೆಯ ದ್ರೌಪದಿ ಎದ್ದು ಒಲೆಯ ಮೇಲೆ ಚಹಾ ಇಟ್ಟು ಅವಳ ದೀಪದ ನೆತ್ತಿ ಒತ್ತಿದರೆ ಖಾರಘರದಲ್ಲಿ ಇದು ಹತ್ತುತ್ತದೆ, ಲೋಲಾಕ್ಷಿ ಇದನ್ನು ಒತ್ತಿದರೆ ಅಲ್ಲಿ ಅದು, ಎರಡೂ ಹತ್ತಿದ ಮೇಲೆ ಇಬ್ಬರೂ ಕಪ್ಪಿಗೆ ಬಾಯಿ ಹಚ್ಚುವುದು. ಅಂಗೈಯಗಲದ ಬಿಳಿ ಪ್ಲಾಸ್ಟಿಕ್ಕಿನ ಒಂದು ಉಂಡೆ, ಒಳಗೆ ಅರಿಶಿನದ ಬಣ್ಣದ ಬೆಳಕು, ಅಷ್ಟೇ. ದ್ರೌಪದಿಯ ಕಿವಿ ಪೂರ್ತಿ ಹೋಗಿದೆ, ಓದಲು ಬಾರದು, ಫೋನು ಇದ್ದೂ ಪ್ರಯೋಜನವಿಲ್ಲ, ಇರುವುದು ಈ ಉಂಡೆಯೊಂದೇ, ಅದು ಇವತ್ತು ಕಪ್ಪಗೆ ಕೂತಿದೆ.

ಕಪ್ಪಗೆ ಕೂತರೆ ಇಷ್ಟು ದಿನ ಒಂದೇ ಅರ್ಥ ಇತ್ತು, ಇನ್ನೂ ಎದ್ದಿಲ್ಲ ಎಂದು, ಇವತ್ತು ಎರಡಾಗಿದೆ — ದ್ರೌಪದಿಗೆ ಏನೋ ಆಗಿರಬೇಕು, ಇಲ್ಲವೇ ದೀಪಕ್ಕೇ ಏನೋ ಆಗಿರಬೇಕು, ಯಾಕೆಂದರೆ ದೀಪ ಮಾಡಿದ ಕಂಪನಿ ಮೊನ್ನೆ ಮಾರಾಟವಾಯಿತು. ವಿಶ್ರುತ ಮನೆಯೊಳಗೆ ಬಂದವನೇ ಶೂ ಕೂಡ ಬಿಚ್ಚದೆ ಅಜ್ಜಿಯ ಕಾಲಿಗೆ ಬಿದ್ದ, ಕೈಯಲ್ಲಿ ಕಾಜು ಕತ್ಲಿಯ ಡಬ್ಬಿ, ಅಜ್ಜಿ, ಹೋ ಗಯಾ, ಅವರು ನಮ್ಮನ್ನು ತಗೊಂಡ್ರು, ಪೂರಾ ಕಂಪನಿ! ಮೊಮ್ಮಗ ದುಡಿಯುವುದು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಕೆಳಗೆ ತಗಡಿನ ಡಬ್ಬಿಗಳ ಕಾರ್ಖಾನೆ, ಮೇಲಿನ ಮಹಡಿಯಲ್ಲಿ ಅವನೂ ಅವನ ಗೆಳೆಯರೂ ಮೇಜು ಹಾಕಿಕೊಂಡು ಶುರುಮಾಡಿದ ಕಂಪನಿ, ಉಜೇಡ್ ಎಂದು ಹೆಸರು, ಮರಾಠಿಯಲ್ಲಿ ಬೆಳಕು, ಮಾತಿನಲ್ಲಿ ಹೇಳಿದರೆ ತಿರುಗುವ ಫ್ಯಾನು, ಆಫೀಸಿನಿಂದಲೇ ಹಚ್ಚಬಹುದಾದ ಗೀಸರು, ಬಾಗಿಲಿಗೆ ಬಂದವರ ಮುಖ ತೋರಿಸುವ ಗಂಟೆ. ಕೊಂಡದ್ದು ಆ ದೊಡ್ಡ ಕಂಪನಿ, ಎಲ್ಲರ ಜೇಬಿನ ಫೋನಿನಲ್ಲೂ ಇರುವುದು. ಒಳ್ಳೆಯದಾಯ್ತು ಮಗಾ ಎಂದು ತಲೆ ಸವರಿದಳು, ನಿಜಕ್ಕೂ ಒಳ್ಳೆಯದೇ, ಊಟ ನಿದ್ದೆ ಬಿಟ್ಟು ದುಡಿದ ಹುಡುಗ, ಕಣ್ಣ ಕೆಳಗಿನ ಕಪ್ಪು ಇನ್ನಾದರೂ ಹೋಗಲಿ, ಆದರೂ ಬಾಯಿಗೆ ಬಂದೇಬಿಟ್ಟಿತು, ಅಂಗಡಿ ಕೊಂಡವರು ಹಳೇ ಗಿರಾಕಿಗಳನ್ನು ಎಂತ ಮಾಡ್ತಾರೆ ಮಗಾ? ಅವನು ನಕ್ಕ, ಟೆನ್ಶನ್ ಮತ್ ಲೇ ಅಜ್ಜಿ, ನಿನ್ನ ಮತ್ತು ದ್ರೌಪದಿ ಅಜ್ಜಿಯ ದೀಪ ನಮ್ಮ ಸಬ್ ಸೇ ಪೆಹಲಾ ಜೋಡಿ, ಟೆಸ್ಟಿಂಗ್‌ವಾಲಾ, ನನ್ನ ಮೇಜಿನ ಕೆಳಗೆ ಹಳೇ ಕಂಪ್ಯೂಟರ್ ಉಂಟಲ್ಲ, ಅದರಲ್ಲಿ ಓಡ್ತದೆ, ಅದು ಅವರ ಲೆಕ್ಕಕ್ಕೇ ಇಲ್ಲ, ಉಸ್‌ಕೊ ಕೋಯಿ ಹಾಥ್ ನಹೀ ಲಗಾಯೇಗಾ, ಯಾರೂ ಮುಟ್ಟುದಿಲ್ಲ. ಲೆಕ್ಕಕ್ಕೆ ಇಲ್ಲದ್ದು — ಡೊಂಬಿವ್ಲಿ ಸ್ಟೇಶನ್ನಿನ ಎದುರು ಇವರ ಹೋಟೆಲು ಇದ್ದಾಗ ಬೂಬ ಎಂಬವನೊಬ್ಬ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ, ಎದೆಯಲ್ಲಿ ಕಫ, ಅವನಿಗೊಂದು ಲೋಟ ಬಿಸಿನೀರು, ಗಂಡ ವಿಷ್ಣುಮೂರ್ತಿಗಳು ತಾವೇ ಕೈಯಾರೆ ಕೊಡುತ್ತಿದ್ದರು, ಅವರ ಮಂಡಿ ನೋವು ಹೆಚ್ಚಾಗಿ ಹೋಟೆಲು ಮಾರಿದಾಗ ಒಲೆ, ಪಾತ್ರೆ, ಕುರ್ಚಿ, ಹೊರಗಿನ ಬೋರ್ಡು ಎಲ್ಲ ಕೊಂಡವರ ಪಾಲಿಗೆ ಹೋಯಿತು, ಕೊಂಡವರು ಕೆಟ್ಟವರೇನಲ್ಲ, ಬಿಸಿನೀರಿನ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ, ಬೂಬ ಕೆಲವು ದಿನ ಮೆಟ್ಟಿಲ ಮೇಲೆ ಕೂತು ಎದ್ದುಹೋದ.

ಪುಢೀಲ ಸ್ಟೇಶನ್ ಐರೋಲಿ, ಗಾಡಿಯ ದನಿ ಮುಂದಿನ ನಿಲ್ದಾಣ ಹೇಳಿತು. ಬಾಗಿಲ ಬಳಿ ಹೆಂಗಸರು ಒತ್ತಿಕೊಂಡರು, ಎದುರಿನ ಹುಡುಗಿ ತನ್ನ ಬ್ಯಾಗನ್ನು ಸರಿಸಿ ಆಜೀ, ಪಾಯ್ ಸರಳ ಕರಾ ಎಂದಳು, ಕಾಲು ಚಾಚಿಕೊಳ್ಳಿ ಎಂದು, ಮಂಡಿಯ ಮೇಲೆ ತಾನು ಕೈ ಇಟ್ಟುಕೊಂಡದ್ದನ್ನು ನೋಡಿರಬೇಕು ಮಗು. ಎಬ್ಬಿಸಲಾ ಅತ್ತೆ ವಿಶ್ರುತನನ್ನು, ಎಂದು ಕೇಳಿದ್ದಳು ವಾರಿಜಾ, ಬೇಡ ಎಂದದ್ದು ತಾನೇ, ನಿನ್ನೆ ಗೆಳೆಯರ ಜೊತೆ ಪಾರ್ಟಿ ಮುಗಿಸಿ ಬಂದು ಮಗುಚಿ ಬಿದ್ದಿದ್ದಾನೆ, ಎಷ್ಟೋ ದಿನದ ಮೇಲೆ ನಿದ್ದೆ, ಎಬ್ಬಿಸಿ ದೀಪದ ಕತೆ ಗೊತ್ತಾದರೂ ಆ ಕಡೆ ದ್ರೌಪದಿಗೆ ಯಾರು ಹೇಳುವುದು, ಅವಳ ಮಗ ಆಕಾಶನೂ ಸೊಸೆಯೂ ಮೊದಲ ಪಾಳಿಗೆ ಹೋದವರು, ಕಾರ್ಖಾನೆಯ ಗೇಟಿನಲ್ಲಿ ಫೋನು ಕಸಿದಿಟ್ಟುಕೊಳ್ಳುತ್ತಾರೆ, ಪಕ್ಕದ ಫ್ಲ್ಯಾಟಿಗೆ ಬೀಗ. ಅವಳು ಎದ್ದ ತಕ್ಷಣ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವಳು, ಮುಖ ತೊಳೆಯುವ ಮೊದಲೇ, ಡಾಕ್ಟರು ತಿಂಡಿಯ ಜೊತೆ ಅಂದರೆ ಇವಳದು ಒಂದೇ ಹಟ, ಔಷಧ ಮೊದ್ಲ, ದೇವ್ರ ಆಮ್ಯಾಲೆ, ಚಹಾ ಅದ್ರಾಮ್ಯಾಲೆ. ಚಹಾಕ್ಕೆ ದೀಪ ಹತ್ತಬೇಕು. ದೀಪ ಹತ್ತದಿದ್ದರೆ ಚಹಾ ಇಲ್ಲ, ಚಹಾ ಇಲ್ಲದೆ ರೊಟ್ಟಿ ಇಲ್ಲ, ಹೊಟ್ಟೆಯಲ್ಲಿ ಬರೇ ಮಾತ್ರೆ — ಒಮ್ಮೆ ಹೀಗೆ ತಡವಾಗಿ ಡೊಂಬಿವ್ಲಿಯ ಚಾಳಿನಲ್ಲಿ ನಲ್ಲಿಯ ಹತ್ತಿರ ಬಿದ್ದಿದ್ದಳು, ಬೆವರಿ ತಣ್ಣಗಾಗಿದ್ದ ಮೈ, ಬಾಯಿಗೆ ಸಕ್ಕರೆ ಹಾಕಿದವಳು ತಾನು, ಕಣ್ಣು ಬಿಟ್ಟವಳೇ ಕೇಳಿದ್ದು, ಅಕ್ಕಾರ, ನಿಮ್ದು ಚಹಾ ಆತೇನ್ರಿ?

ಆ ಚಾಳಿನ ಗೋಡೆ. ಈ ಕಡೆ ಉಡುಪಿಯ ಬಿ.ಎ. ಓದಿದ ಹೋಟೆಲಿನವರ ಹೆಂಡತಿ, ಆ ಕಡೆ ವಿಜಯಪುರದಿಂದ ಬಂದು ಲಾರಿಗೆ ಮೂಟೆ ಹೊರುವ ಮಹಾದೇವಪ್ಪನ ಹೆಂಡತಿ, ನಡುವೆ ಒಂದೇ ಇಟ್ಟಿಗೆಯ ಗೋಡೆ, ಮೊದಮೊದಲು ಇವಳ ಕನ್ನಡ ಅವಳಿಗೆ ಪುಸ್ತಕ ಓದಿದ ಹಾಗೆ, ಅವಳ ಕನ್ನಡ ಇವಳಿಗೆ ಜಗಳ ಆಡಿದ ಹಾಗೆ. ವಿಷ್ಣುಮೂರ್ತಿಗಳು ಹೋದ ಮೇಲೆ ಲೋಲಾಕ್ಷಿ ಬಾಯಿಗೆ ಏನೂ ಹಾಕದೆ ಮೂಲೆ ಹಿಡಿದಾಗ ನೆಂಟರು ಬುದ್ಧಿ ಹೇಳಿದರು, ಅತ್ತರು, ಗದರಿದರು, ದ್ರೌಪದಿ ಒಂದು ಕಪ್ ಚಹಾ ತಂದು ಹೊಸ್ತಿಲ ಒಳಗೆ ಇಟ್ಟು ಮೇಲೊಂದು ಸಾಸರು ಮುಚ್ಚಿದಳು, ಬಸಿ ಅನ್ನುತ್ತಾಳೆ ಅವಳು, ನೀಲಿ ಅಂಚಿನ ಬಸಿ, ಒಂದು ಕಡೆ ಒಡಕಿನ ಗೆರೆ, ಆರಿದ್ದನ್ನು ಒಯ್ದು ಬಿಸಿಯದು ತಂದಳು, ಅದೂ ಆರಿತು, ಮತ್ತೆ ತಂದಳು, ಸಂಜೆ ಮಹಾದೇವಪ್ಪ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡು ಅಂದ, ಅಕ್ಕಾರ, ನೀವು ಕುಡೀರಿ ಬಿಡ್ರಿ, ಆಕೀನೂ ಕುಡ್ದಿಲ್ಲ, ನಿಮಗ ಬಿಟ್ಟು ಕುಡ್ಯಾಂಗಿಲ್ಲ ಅಂತ ಕುಂತಾಳ, ನನಗೂ ಕೊಟ್ಟಿಲ್ಲ. ಆ ನನಗೂ ಕೊಟ್ಟಿಲ್ಲ ಎಂಬ ಮಾತಿಗೆ ಲೋಲಾಕ್ಷಿಗೆ ಎಲ್ಲಿಂದಲೋ ನಗು ಬಂದು, ನಗುವಿನ ಹಿಂದೆಯೇ ಅಳು ಬಂದು, ಬಸಿ ಎತ್ತಿದಳು. ಅಂದಿನಿಂದ ಇದು, ಬೆಳಿಗ್ಗೆ ಚಹಾ ಇಟ್ಟವರು ಲಟ್ಟಣಿಗೆಯಿಂದ ಗೋಡೆಗೆ ಎರಡು ಏಟು, ಆಚೆಯಿಂದ ಎರಡು ಏಟು, ಆಮೇಲೆ ಕುಡಿಯುವುದು. ಕಿವಿ ಮಂದವಾದಾಗ ದ್ರೌಪದಿ ಗೋಡೆಗೆ ಅಂಗೈ ಒತ್ತಿ ಕೂರಲು ಶುರುಮಾಡಿದಳು, ಸದ್ದು ಕೈಯಾಗ ಬರ್ತದ್ರಿ ಅಕ್ಕಾರ, ಕಿವಿಯೇನ್ ಮಾಡೂದೈತಿ. ಮಹಾದೇವಪ್ಪ ತೀರಿಹೋದ, ಚಾಳು ಕೆಡವಿ ಬಿಲ್ಡಿಂಗ್ ಬರುವುದಾಯಿತು, ಇವರು ಖಾರಘರಕ್ಕೆ, ಅವರು ಠಾಕುರ್ಲಿಗೆ, ಗೋಡೆ ಬೀಳಿಸುವ ದಿನ ಇಬ್ಬರೂ ರಸ್ತೆಯಾಚೆ ನಿಂತು ನೋಡಿದ್ದನ್ನು ವಿಶ್ರುತ ನೋಡಿದ್ದ, ಆಗಿನ್ನೂ ಕಾಲೇಜಿನ ಹುಡುಗ, ಕಂಪನಿ ಶುರುವಾದ ಮೇಲೆ ಒಂದು ಸಂಜೆ ಎರಡು ಬಿಳಿ ಉಂಡೆ ತಂದು ಮೇಜಿನ ಮೇಲಿಟ್ಟ, ಅಜ್ಜಿ, ತುಮ್ಹಾರಾ ದೀವಾರ್, ನಿಮ್ಮ ಗೋಡೆ.

ಠಾಣೆಯಲ್ಲಿ ಸೇತುವೆ ಹತ್ತುವಾಗ ಫೋನು ನಡುಗಿತು, ಹತ್ತಿತೇ ವಾರಿಜಾ? — ಅಜ್ಜಿ, ನಾನು, ವಿಶ್ರುತ, ಸಾರಿ ಅಜ್ಜಿ, ಭೂಲ್ ಗಯಾ, ನಿನ್ನೆ ಅವರ ಜನ ಬಂದು ಆಫೀಸ್ ಪ್ಯಾಕ್ ಮಾಡಿದ್ರು, ಹಳೇ ಸಾಮಾನೆಲ್ಲ ಟೆಂಪೋದಲ್ಲಿ ಹೋಯ್ತು, ಆ ಕಂಪ್ಯೂಟರ್ ಭೀ, ನಾನು ನೋಡಲೇ ಇಲ್ಲ, ಪಾರ್ಟಿಯ ಖುಷಿಯಲ್ಲಿ... ಅಜ್ಜಿ? ನೀನು ಅಲ್ಲೇ ನಿಲ್ಲು, ಮೈ ಬೈಕ್ ಲೇಕೆ ಆತಾ ಹೂಂ. ಬೇಡ ಮಗಾ, ನೀನು ಬರುವಷ್ಟರಲ್ಲಿ ನಾನು ತಲುಪ್ತೇನೆ, ಮುಖ ತೊಳೆದು ಏನಾದ್ರೂ ತಿನ್ನು. ಹೊಸ ಮಾಡೆಲ್ ಬರ್ತದೆ ಅಜ್ಜಿ, ಸ್ಕ್ರೀನ್‌ವಾಲಾ, ಮುಖ ಕೂಡ ಕಾಣ್ತದೆ, ನಿಮ್ಮಿಬ್ಬರಿಗೆ ಮೊದಲು ಕೊಡಿಸ್ತೇನೆ, ಪ್ರಾಮಿಸ್. ಆಯ್ತು ಮಗಾ. ಆ ಮುಖ ಕಾಣುವ ಯಂತ್ರದ ಚಿತ್ರವನ್ನು ಕಳೆದ ಸಲ ಹೋದಾಗ ದ್ರೌಪದಿಗೆ ತೋರಿಸಿ ಕೈಸನ್ನೆಯಲ್ಲೇ ತಿಳಿಸಿದ್ದಳು, ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು, ಹಲ್ಲಿಲ್ಲದ ಬಾಯಾಗ ಚಹಾ ಸುರೀತೀನಿ, ಅದನ್ನ ನೋಡಾಕ ನಿಮಗ ಟಿವಿ ಬೇಕೇನ್ರಿ? ಹುಡುಗನ ಮೇಲೆ ಸಿಟ್ಟು ಬರಲಿಲ್ಲ, ಯಾಕೆ ಬರಬೇಕು, ಮರೆತದ್ದು ಒಂದು ದಿನ, ನೆನಪಿಟ್ಟುಕೊಂಡದ್ದು ಇಷ್ಟು ವರ್ಷ. ದೀಪ ಆರಿದ್ದಕ್ಕೆ ಈಗ ಕಾರಣ ಸಿಕ್ಕಿತು, ಅದರಿಂದ ಎದೆಯ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ, ಕಾರಣ ಸಿಕ್ಕಿದ್ದು ದೀಪಕ್ಕೆ, ದ್ರೌಪದಿಗೆ ಅದು ಗೊತ್ತಿಲ್ಲ, ಅವಳು ಒತ್ತಿರುತ್ತಾಳೆ, ಒರೆಸಿ ಒತ್ತಿರುತ್ತಾಳೆ, ಅಕ್ಕಾರ ಇನ್ನೂ ಎದ್ದಿಲ್ಲ ಎಂದುಕೊಂಡಿರುತ್ತಾಳೆ, ಮಾತ್ರೆ ಹೊಟ್ಟೆಯಲ್ಲಿದೆ, ಕಪ್ಪಿನ ಮೇಲೆ ಬಸಿ ಮುಚ್ಚಿದೆ.

ಕಲ್ಯಾಣದ ಸ್ಲೋ ಗಾಡಿ. ಕಳವಾ, ಮುಂಬ್ರಾ, ಗುಡ್ಡದ ನೆರಳು ಬೋಗಿಯೊಳಗೆ ಬಂದು ಹೋಯಿತು, ಖಾಡಿಯ ಹಿನ್ನೀರು ಬೆಳ್ಳಗೆ, ದಿವಾದಲ್ಲಿ ಮೀನಿನ ಬುಟ್ಟಿಯ ಹೆಂಗಸು ಹತ್ತಿ ವಾಸನೆ ತಾಗದಿರಲೆಂದು ತಾನೇ ದೂರ ನಿಂತಳು, ನಿಲ್ಲಬೇಡವ್ವಾ, ಹತ್ತಿರ ಬಾ, ನನಗೇನೂ ಆಗುವುದಿಲ್ಲ ಅನ್ನಬೇಕು, ಅನ್ನುವಷ್ಟರಲ್ಲಿ ಕೋಪರ್, ಡೊಂಬಿವ್ಲಿ, ಹೋಟೆಲು ಇದ್ದಲ್ಲಿ ಈಗ ಮೊಬೈಲು ಅಂಗಡಿ, ಆ ಮೆಟ್ಟಿಲು ಮಾತ್ರ ಅದೇ, ನೋಡಲಿಲ್ಲ, ಇವತ್ತು ನೋಡಲು ಪುರುಸೊತ್ತಿಲ್ಲ, ಬೂಬ ಎಷ್ಟು ದಿನ ಕೂತಿದ್ದನೋ, ಯಾರೂ ಒಳಗಿನಿಂದ ಬಂದು ಹೇಳಲಿಲ್ಲವಲ್ಲ ಅವನಿಗೆ, ಇನ್ನು ಬಿಸಿನೀರು ಇಲ್ಲ ಎಂದಾದರೂ. ಠಾಕುರ್ಲಿ. ರಿಕ್ಷಾದವ ಆಜೀ ಸಾವಕಾಶ್ ಎಂದು ಕೈ ಹಿಡಿದು ಇಳಿಸಿದ, ಬಿಲ್ಡಿಂಗಿನ ಲಿಫ್ಟು ಕೆಟ್ಟಿದೆ, ಮೆಟ್ಟಿಲು, ಮಂಡಿ, ಕಂಬಿ, ಉಸಿರು, ಸ್ವಲ್ಪ ನಿಲ್ಲು, ಫ್ಲಾಸ್ಕು ಗೋಡೆಗೆ ತಾಗಿ ಠಣ್ ಎಂದಿತು, ಇನ್ನೊಂದು ಮಹಡಿ. ಪ್ಯಾಸೇಜು ಖಾಲಿ. ಬೆಲ್ ಒತ್ತಿ ಏನು ಮಾಡುವುದು, ಬಾಗಿಲು ಬಡಿದು ಏನು ಮಾಡುವುದು, ಒಳಗೆ ಚಿಲಕ ಬಿದ್ದಿದೆ, ಪಕ್ಕದಲ್ಲಿ ಪ್ಯಾಸೇಜಿಗೆ ತೆರೆದ ಸಣ್ಣ ಕಿಟಕಿ, ಸರಳಿನಾಚೆ ಅರೆಗತ್ತಲು, ಕಣ್ಣು ಹೊಂದಿಕೊಳ್ಳಲಿ — ಕಿಟಕಿಯ ಒಳಗಿನ ಕಟ್ಟೆಯ ಮೇಲೆ ಬಿಳಿ ಉಂಡೆ, ಆರಿದ್ದು. ಅದರ ಪಕ್ಕದಲ್ಲಿ ಕಪ್. ಕಪ್ಪಿನ ಮೇಲೆ ನೀಲಿ ಅಂಚಿನ ಬಸಿ. ಹಾಗಾದರೆ ಎದ್ದಿದ್ದಾಳೆ, ಚಹಾ ಇಟ್ಟಿದ್ದಾಳೆ, ಸೋಸಿ ಮುಚ್ಚಿದ್ದಾಳೆ, ದೀಪ ಹೇಳದ್ದನ್ನು ಬಸಿ ಹೇಳಿತು, ಆದರೆ ಆಮೇಲೆ? ಕಿಟಕಿಯ ಕೆಳಗೆ ನೆಲದ ಮೇಲೆ ನರೆತ ತಲೆ, ಒಂದು ಕಡೆ ವಾಲಿದೆ, ಮುಖ ಕಾಣುವುದಿಲ್ಲ, ಕುತ್ತಿಗೆಯ ಮೇಲೆ ಬೆವರು, ಒಂದು ಕೈ ಮಾತ್ರ ಮೇಲೆ, ಅಂಗೈ ಗೋಡೆಗೆ ಒತ್ತಿ, ಇಲ್ಲಿ ಆಚೆ ಯಾರೂ ಇಲ್ರೀ, ಬರೇ ಪ್ಯಾಸೇಜು, ಆದ್ರೂ ಕೈ ತಾನ ಹೋಗ್ತದ, ಎಂದು ಹಿಂದೊಮ್ಮೆ ಹೇಳಿದ್ದಳಲ್ಲ. ದ್ರೌಪದೀ, ಎಂದು ಕೂಗಿದಳು, ಕೂಗಿ ಏನು ಪ್ರಯೋಜನ, ಚೀಲದಲ್ಲಿ ಕೈ ಹಾಕಿದರೆ ಮೊದಲು ಸಿಕ್ಕಿದ್ದು ಫ್ಲಾಸ್ಕು, ಅದರ ಬುಡದಿಂದ ಗೋಡೆಗೆ, ಆ ಕೈ ಇರುವ ಜಾಗಕ್ಕೆ ಸರಿಯಾಗಿ, ಒಂದು ಏಟು, ಎರಡು ಏಟು.

ಕೈ ಅಲುಗಲಿಲ್ಲ. ಬಸಿ ಹಾಗೆಯೇ ಇದೆ. ಮತ್ತೆ ಒಂದು, ಎರಡು, ಬಲ ಹಾಕಿ. ಬೆರಳು. ಒಂದು ಬೆರಳು ಗೋಡೆಯ ಮೇಲೆ ಸರಿಯಿತು, ಆಮೇಲೆ ಇಡೀ ಕೈ, ಇಳಿಯಿತು, ತಡವುತ್ತಾ ಮೇಲೆ ಬಂತು, ತಿರುಗಿ ಕಿಟಕಿಯತ್ತ ನೋಡಲೂ ಇಲ್ಲ ಹಟಮಾರಿ, ಗೋಡೆ ಮಾತಾಡಿದ ಮೇಲೆ ನೋಡುವುದೇನು ಎಂಬ ಹಾಗೆ, ನಡುಗುವ ದನಿಯಲ್ಲಿ ತನಗೇ ಹೇಳಿಕೊಂಡಳು, ಈಗ ಎದ್ರೇನ್ರಿ ಅಕ್ಕಾರ, ಎಷ್ಟ್ ಹೊತ್ತು ಮಾಡಿದ್ರಿ, ಮತ್ತು ಆ ಕೈ ಕಪ್ಪನ್ನು ಮುಟ್ಟಿತು, ಒಡಕಿನ ಗೆರೆಯ ಅಂಚು ಹಿಡಿಯಿತು, ಬಸಿ ಎತ್ತಿತು.